ಬಾದಾಮಿ ಉಗುರು, ಶೇಂಗಾ ಸಿಪ್ಪೆ

ನಾನು ನಿಂತಿದ್ದದ್ದು ಸಿಂದಗಿಯ ನಮ್ಮ ಕಾಕಾನ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಹತ್ತಿರದ ಕಂಬದ ಬಳಿ. ಬಲಭುಜ ಕಂಬಕ್ಕೆ ತಾಗಿತ್ತು. ಎಡಗೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಬಲಗೈಯಲ್ಲಿ ಚಮಚ. ಹನ್ನೊಂದು ವರ್ಷದ ಹಿಂದಿನ ಒಂದು ರವಿವಾರ, ಮಧ್ಯಾಹ್ನ ಒಂದೂಕಾಲು. ಗೋಡೆಯ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು, ಅದನ್ನು ಕಳೆದೇ ಹೇಳುತ್ತಿದ್ದೇನೆ. ನನಗೂ ಆ ಊಟದ ತಾಟಿಗೂ ನಡುವೆ ನಾಲ್ಕು ಹೆಜ್ಜೆ. ಅಡ್ಡ ಯಾರೂ ಇರಲಿಲ್ಲ. ನನಗೆ ಸರಿಯಾಗಿ ಕಾಣಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಇದನ್ನು ಈಗ ಬರೆಯಲು ಕಾರಣ ಒಂದು ವಾಸನೆ. ಹೋದ ವಾರ ಬಸವನ ಬಾಗೇವಾಡಿಯಲ್ಲಿ ಮಗಳನ್ನು ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋಗಿ, ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಬಾಗಿಲು ತೆರೆದಾಗ ಉಗುರುಬಣ್ಣದ ವಾಸನೆ ಬಂತು. ಅತಿಯಾಗಿ ಹಣ್ಣಾದ ಬಾಳೆಹಣ್ಣಿನಂಥದ್ದು, ಆದರೆ ಮೂಗಿಗೆ ತಣ್ಣಗೆ ಹತ್ತುವಂಥದ್ದು. ಹಚ್ಚಿಸಿಕೊಳ್ಳುವ ಮೊದಲು ತೋರಿಸಲೆಂದು ಮಗಳು ಹೊರಗೆ ಬಂದು, ಮೊಬೈಲಿನ ಚಿತ್ರವನ್ನು ನನ್ನ ಮುಖಕ್ಕೆ ಹಿಡಿದಳು.

"ಪಪ್ಪಾ, ಇದು ನೋಡ್ರಿ. ಗಿಡ್ಡ ಉಗುರಿಗೆ ಬಾದಾಮಿ ಶೇಪ್, ಸಿಂಪಲ್ ಡಿಸೈನ್. ಈಗಿಂದು ಇದ ಲೇಟೆಸ್ಟ್."

ಉಗುರಿನ ಬುಡದಲ್ಲಿ ಮಾತ್ರ ಕಡುಗೆಂಪಿನ ಅರ್ಧಚಂದ್ರ. ತುದಿಯೆಲ್ಲ ಖಾಲಿ. ಉಂಗುರದ ಬೆರಳಿಗೆ ಒಂದು ಬಿಳಿ ಚುಕ್ಕೆ, ಜೋಳದ ಕಾಳಿನಷ್ಟು... ಮೊಬೈಲು ಇಸಿದುಕೊಂಡು ಹತ್ತಿರ ಹಿಡಿದು ನೋಡಿದೆ. ಆಮೇಲೆ ಅವಳಿಗೇ ಕೊಟ್ಟೆ.

ಈ ಲೇಟೆಸ್ಟನ್ನು ಹನ್ನೊಂದು ವರ್ಷದ ಹಿಂದೆ ಸಿಂದಗಿಯ ಓಣಿಯಲ್ಲಿ ಮಾಡುತ್ತಿದ್ದವಳು ಬಳೆಗಾರ ಅಕ್ಕ.

ಅವಳು ತಾಂಬಾದ ಹುಡುಗಿ, ಸಿಂದಗಿಯ ಬಳೆಗಾರರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದ. ಕಾಕಾನ ಮನೆಯ ಎದುರಿನ ಒಂದೇ ಕೋಣೆಯಲ್ಲಿ ಇದ್ದಳು. ಬಳೆ ತೊಡಿಸುವವರಿಗೆ ಯಾವ ಮನೆಯ ಹೆಣ್ಣುಮಕ್ಕಳ ಕೈಯನ್ನಾದರೂ ಹಿಡಿಯುವ ಹಕ್ಕಿದೆ. ಹಿಡಿದ ಕೈಯನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಬೆರಳು ಬೆರಳು ತಿರುಗಿಸಿ ನೋಡುತ್ತಿದ್ದಳು. "ಉಗುರು ಬಾದಾಮಿ ಬೀಜ ಇದ್ದಂಗ ಇರಬೇಕವ್ವಾ. ನಿಮ್ಮವು ಹುಣಸಿ ಬೀಜ ಆಗ್ಯಾವು" ಎಂದು ನಗುತ್ತಿದ್ದಳು. ಬೆಂಕಿಪೆಟ್ಟಿಗೆಯ ಕಡ್ಡಿ ಗೀರುವ ಬದಿಯಿಂದ ಎರಡೂ ಪಕ್ಕ ತಿಕ್ಕಿ, ತುದಿಯನ್ನು ಮೆಲ್ಲಗೆ ದುಂಡಗೆ ಇಳಿಸುತ್ತಿದ್ದಳು.

ಅದು ಬರೀ ಅಂದಕ್ಕಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ದಿನಕ್ಕೆ ಎರಡು ಹೊತ್ತು ಜೋಳದ ರೊಟ್ಟಿ ಬಡಿಯುತ್ತಾರೆ. ಚೌಕ ಉಗುರಿನ ಮೂಲೆಗೆ ರೊಟ್ಟಿಯ ಅಂಚು ಸಿಕ್ಕಿ ಹರಿಯುತ್ತದೆ. ಉದ್ದ ಉಗುರು ರೊಟ್ಟಿಯ ಮೇಲೆ ಗಾಯದಂಥ ಗುರುತು ಬಿಡುತ್ತದೆ. ಗಿಡ್ಡಗೆ, ಬಾದಾಮಿಯಂತೆ ಇಳಿದ ಉಗುರಿನ ಕೆಳಗೆ ರೊಟ್ಟಿ ಜಾರಿ ತಿರುಗುತ್ತದೆ. ಬಣ್ಣಕ್ಕೂ ಅವಳದೊಂದು ಕಟ್ಟುನಿಟ್ಟು ಇತ್ತು. ಹಿಟ್ಟು ನಾದುವ ಕೈಯ ಉಗುರಿನ ತುದಿಗೆ ಅವಳು ಎಂದೂ ಬಣ್ಣ ಹಚ್ಚಲಿಲ್ಲ. ಯಾರು ಎಷ್ಟು ಗೋಗರೆದರೂ ಅದೇ ಉತ್ತರ: "ತುದಿ ಹಿಟ್ಟಿಂದವ್ವಾ, ಬುಡ ನಿಂದು." ಬುಡದಲ್ಲಿ ಅರ್ಧಚಂದ್ರ, ಇಲ್ಲವೆ ಕಸಬರಿಗೆಯ ಕಡ್ಡಿಯಿಂದ ಎಳೆದ ಒಂದು ಓರೆ ಗೆರೆ, ಇಲ್ಲವೆ ಖಾಲಿ ರೀಫಿಲ್ಲಿನ ಮೊನೆಯಿಂದ ಇಟ್ಟ ಚುಕ್ಕೆ. ಅಷ್ಟೇ. ಅದು ಹದಿನೈದು ದಿನ ಏಳುತ್ತಿರಲಿಲ್ಲ. ಓಣಿಯ ಹೆಣ್ಣುಮಕ್ಕಳು ಅವಳ ಕೋಣೆಯ ಮುಂದೆ ಸಾಲಾಗಿ ಕೂತಿರುತ್ತಿದ್ದರು. ಅವಳ ಹೊಟ್ಟೆ ನಡೆಯುತ್ತಿದ್ದದ್ದು ಆ ಕೈಗಳ ಮೇಲೆ, ಆ ಕೈಗಳು ಅವಳ ಮೇಲೆ ಇಟ್ಟ ನಂಬಿಕೆಯ ಮೇಲೆ. ಇದನ್ನು ನೆನಪಿಡಬೇಕು. ಆ ರವಿವಾರ ನಾವು ಕಿತ್ತುಕೊಂಡದ್ದು ಅದನ್ನೇ.

ಕಾಕಾನ ಮಗಳನ್ನು, ಅಂದರೆ ನನ್ನ ತಂಗಿಯನ್ನು, ನೋಡಲು ಮುದ್ದೇಬಿಹಾಳದಿಂದ ಗಂಡಿನವರು ಬಂದಿದ್ದರು. ಹುಡುಗನ ದೊಡ್ಡಪ್ಪ ಯಾವುದೋ ಕಚೇರಿಯಲ್ಲಿ ಸಾಹೇಬರಾಗಿದ್ದವರು. ಅವರು ಕಚೇರಿ ಬಿಟ್ಟು ಆರು ವರ್ಷವಾಗಿತ್ತು, ಸಾಹೇಬಗಿರಿ ಅವರನ್ನು ಬಿಟ್ಟಿರಲಿಲ್ಲ. ಚಪ್ಪಲಿ ಬಿಡುವಾಗಲೂ ಯಾರಾದರೂ ಬಂದು ಬಿಡಿಸಲಿ ಎಂಬಂತೆ ಕಾಲು ಚಾಚಿ ಒಂದು ಕ್ಷಣ ಕಾಯುತ್ತಿದ್ದರು. ಸಂಬಂಧ ಕುದುರುವ ಮೊದಲು ಹೆಣ್ಣಿನ ಮನೆಯಲ್ಲಿ ಉಣ್ಣುವ ರೂಢಿ ನಮ್ಮಲ್ಲಿಲ್ಲ. ಉಪ್ಪಿಟ್ಟು, ಚಹಾ, ಅಷ್ಟೇ. ಆದರೆ ಹುಡುಗಿ ಬಡಿದ ರೊಟ್ಟಿ ಉಂಡ ಮೇಲೆಯೇ ಸಾಹೇಬರು ಮಾತಾಡುವುದು ಎಂದು ನಡುವೆ ನಿಂತ ಮಧ್ಯಸ್ಥ ಮೊದಲೇ ಹೇಳಿ ಕಳಿಸಿದ್ದ. ಕಾಕಾ ಅದಕ್ಕೂ "ಹೌದ್ರಿ" ಅಂದಿದ್ದ. ಬಂದವರ ಮುಂದೆ ಹೌದ್ರಿ ಅನ್ನುವುದರಲ್ಲಿ ನಮ್ಮ ಮನೆತನವನ್ನು ಮೀರಿಸಿದವರನ್ನು ನಾನು ಈವರೆಗೆ ಕಂಡಿಲ್ಲ.

ಬೆಳಿಗ್ಗೆಯೇ ಬಳೆಗಾರ ಅಕ್ಕ ಬಂದು ತಂಗಿಗೆ ಹಸಿರು ಬಳೆ ತೊಡಿಸಿದ್ದಳು. ಹಿಂದಿನ ದಿನವೇ ಉಗುರಿಗೆ ಅರ್ಧಚಂದ್ರ ಹಚ್ಚಿದ್ದಳು. ಕಾಕಾನ ಹೆಂಡತಿ ಚಿಗವ್ವನಿಗೆ ಕೈ ಸಾಲದೆಂದು ಅಡುಗೆಮನೆಯಲ್ಲೇ ನಿಂತಳು. ನನಗೂ ಒಂದು ಕೆಲಸ ಹಚ್ಚಿದ್ದರು. ಚಟ್ನಿಗೆ ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಕೆಂಪು ಸಿಪ್ಪೆಯನ್ನು ಮೊರದಲ್ಲಿ ಹಾರಿಸಿ ಕೊಡುವುದು. ಮೊರದ ಪಕ್ಕದಲ್ಲಿ ಮೊಬೈಲು ಇಟ್ಟುಕೊಂಡು ಕ್ರಿಕೆಟ್ ನೋಡುತ್ತ ಹಾರಿಸಿದೆ. ಅರ್ಧ ಸಿಪ್ಪೆ ಹಾರಿತು, ಅರ್ಧ ಉಳಿಯಿತು. ಹಾಗೆಯೇ ಕುಟ್ಟಲು ಕೊಟ್ಟೆ.

ಊಟಕ್ಕೆ ಮೊದಲು ಸಾಹೇಬರು ತಂಗಿಯನ್ನು ಎದುರಿಗೆ ಕರೆದರು. "ಕೈ ಚಾಚವಾ. ಹಾಂ. ಈಗ ತಿರುವು" ಎಂದು ಎರಡೂ ಕೈಯನ್ನು ಅಂಗೈ, ಹಿಂಗೈ ಮಾಡಿಸಿ, ಬೆರಳು ಹಿಡಿದು ನೋಡಿದರು. ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರಿಗೂ ಇದಕ್ಕಿಂತ ಹೆಚ್ಚು ನಾಚಿಕೆ ಇರುತ್ತದೆ. ಆಗ ಅವರ ಕೈಯನ್ನೂ ನಾನು ನೋಡಿದೆ. ಬಲಗೈ ಕಿರುಬೆರಳಿಗೆ ಉದ್ದಕ್ಕೆ ಬಿಟ್ಟ ಉಗುರು, ಹಳದಿ ಬಣ್ಣದ್ದು. ಅದರಿಂದ ಕಿವಿ ಕೆದಕಿಕೊಂಡರು. ಅದನ್ನು ಧೋತರದ ಅಂಚಿಗೆ ಒರೆಸಿದರು. ಆಮೇಲೆ ಊಟಕ್ಕೆ ಕೂತರು.

ತಂಗಿ ಬಡಿದ ರೊಟ್ಟಿಯನ್ನು ಅಕ್ಕ ತಂದು ತಾಟಿಗೆ ಹಾಕಿದಳು. ಅಲ್ಲಿ ಚಟ್ನಿ ಮೊದಲೇ ಇತ್ತು, ಬಡಿಸಿದ್ದು ನಾನು. ರೊಟ್ಟಿಯ ಅಂಚು ಚಟ್ನಿಯ ಮೇಲೆಯೇ ಬಿತ್ತು. ಸಾಹೇಬರು ಮೂರನೆಯ ತುತ್ತಿಗೆ ರೊಟ್ಟಿ ಎತ್ತಿ ನಿಲ್ಲಿಸಿದರು. ಅದೇ ಕಿರುಬೆರಳಿನ ಉಗುರಿನಿಂದ ಕೆಂಪನೆಯ ಒಂದು ಚೂರನ್ನು ಎಬ್ಬಿಸಿ ಬೆಳಕಿಗೆ ಹಿಡಿದರು.

"ಇದೇನ್ರಿ ಇದು? ರೊಟ್ಯಾಗ ಉಗುರಿನ ಬಣ್ಣ ಬಂದೈತಿ. ಇದನ್ನ ತಿನ್ನಾಕ ಕರದೀರೇನು ನಮ್ಮನ್ನ?"

ಕಾಕಾ ಎದ್ದು ನಿಂತ. ತಂಗಿ ಒಲೆಯ ಮುಂದಿನಿಂದಲೇ "ಬಣ್ಣ ಅಲ್ರಿ ಅದು" ಅಂದಳು. ಚಿಗವ್ವ ಅವಳ ಬಾಯಿಗೆ ಕೈ ಅಡ್ಡ ಹಿಡಿದದ್ದು ನನಗೆ ಬಾಗಿಲಿನಿಂದ ಕಂಡಿತು.

ಬಳೆಗಾರ ಅಕ್ಕ ಮಾತ್ರ ಮುಂದೆ ಬಂದಳು. ಧ್ವನಿ ಏರಿಸಲಿಲ್ಲ.

"ಸಾಹೇಬ್ರ, ಆ ಬಣ್ಣ ಹಚ್ಚಿದಾಕಿ ನಾನ್ರಿ. ತುದಿಗೆ ನಾನು ಹಚ್ಚೂದಿಲ್ಲ. ಹುಡುಗಿ ಕೈ ನೋಡ್ರಿ, ಹತ್ತೂ ಉಗುರು ಹೆಂಗ ಹಚ್ಚೇನಿ ಹಂಗ ಅದಾವು. ಇದು ಶೇಂಗಾ ಸಿಪ್ಪಿ ಐತ್ರಿ."

"ಹೆಣ್ಮಕ್ಕಳ ಕೈ ಹಿಡದು ನೋಡೂ ಮನಿತನ ಅಲ್ಲವಾ ನಮ್ದು" ಅಂದರು ಸಾಹೇಬರು.

ಕಾಲು ತಾಸಿನ ಹಿಂದಷ್ಟೇ ಹಿಡಿದು ನೋಡಿದ್ದರು. ಅಲ್ಲಿದ್ದ ಎಲ್ಲರೂ ಅದನ್ನು ಕಂಡಿದ್ದೆವು. ಒಬ್ಬರೂ ನಗಲಿಲ್ಲ.

ಆಗ ಅಕ್ಕ ನನ್ನ ಕಡೆ ತಿರುಗಿದಳು. "ಮಾಸ್ತರ, ಚಟ್ನಿ ನೀವ ನೀಡಿದ್ರಿ. ಶೇಂಗಾನೂ ನೀವ ಹಾರಿಸಿದ್ರಿ. ಒಂದ್ ಮಾತು ಹೇಳ್ರಿ."

ನಾನು ಆಗಲೂ ಗೊಳಸಂಗಿಯ ಸಾಲೆಯಲ್ಲಿ ಮಾಸ್ತರ್, ಈಗಲೂ ಅಲ್ಲಿಯೇ. ಪ್ರತಿ ಸೋಮವಾರ ಮಕ್ಕಳ ಉಗುರು ನೋಡುವುದು, ಸುಳ್ಳು ಹೇಳಿದವರನ್ನು ನಿಲ್ಲಿಸಿ ಕೇಳುವುದು ನನ್ನ ಕೆಲಸ. ನನ್ನ ಕೈಯ ಡಬ್ಬಿಯಲ್ಲಿ ಅಂಥ ಕೆಂಪು ಚೂರುಗಳು ಹತ್ತಿಪ್ಪತ್ತು ಇದ್ದವು. ಡಬ್ಬಿಯನ್ನು ವಾಲಿಸಿ ತೋರಿಸಿದ್ದರೆ ಸಾಕಿತ್ತು, ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ. ಕಾಕಾ ನನ್ನನ್ನು ನೋಡಿದ. ನಾನು ಡಬ್ಬಿಯೊಳಗೆ ನೋಡಿದೆ. ಆಮೇಲೆ... ಆಮೇಲೆ ಡಬ್ಬಿಯ ಮುಚ್ಚಳ ಹಾಕಿದೆ.

ಸಾಹೇಬರು ಚೂರನ್ನು ಉಗುರಿನಿಂದ ಚಿಮ್ಮಿದರು. ಅದು ನನ್ನ ಕಾಲ ಬಳಿ ಬಿತ್ತು.

"ಹುಡುಗಿ ತಪ್ಪಲ್ಲ ಬಿಡ್ರಿ. ಸಣ್ಣಾಕಿ. ಇಂಥಾಕಿನ್ನ ಮನಿಯೊಳಗ ಬಿಟ್ಟುಕೊಂಡೀರಲ್ಲ, ಅದು ತಪ್ಪು. ಇನ್ನ ಮ್ಯಾಲ ಬಿಟ್ಟುಕೋಬ್ಯಾಡ್ರಿ. ಅಂದ್ರ ಮುಂದಿನ ಮಾತು."

"ಹೌದ್ರಿ" ಅಂದ ಕಾಕಾ. "ಹೌದ್ರಿ, ಹೌದ್ರಿ" ಅಂದ ಮಧ್ಯಸ್ಥ. ಪಡಸಾಲೆಯ ಮೂಲೆ ಮೂಲೆಯಿಂದ ಹೌದ್ರಿ ಎದ್ದಿತು. ಕಾಕಾ ಅಕ್ಕನ ಕಡೆ ನೋಡದೆ, ಬಾಗಿಲ ಕಡೆ ಕೈ ಮಾಡಿ "ನೀ ನಡಿಯವಾ" ಅಂದ. ಅವಳು ಕೈಯಲ್ಲಿದ್ದ ರೊಟ್ಟಿಯ ಬುಟ್ಟಿಯನ್ನು ನೆಲದ ಮೇಲೆ ಇಟ್ಟಳು. ಬಿಸಿ ಆರದಿರಲೆಂದು ಬಟ್ಟೆ ಮುಚ್ಚಿದಳು. ಹೋದಳು.

ಅವರೆಲ್ಲ ಎದ್ದು ಹೋದ ಮೇಲೆ ಆ ಚೂರನ್ನು ಎತ್ತಿಕೊಂಡೆ. ಎರಡು ಬೆರಳ ನಡುವೆ ತಿಕ್ಕಿದೆ. ಪುಡಿಯಾಯಿತು. ಉಗುರುಬಣ್ಣ ಪುಡಿಯಾಗುವುದಿಲ್ಲ. ಕಾಕಾನಿಗೆ ತೋರಿಸಿ "ಸಿಪ್ಪಿ ಕಾಕಾ ಇದು" ಅಂದೆ. ನನಗೆ ಧೈರ್ಯ ಬಂದದ್ದು ಆಗ, ಯಾರೂ ಇಲ್ಲದಾಗ.

"ಗೊತ್ತೈತಿ" ಅಂದ ಕಾಕಾ. "ಸುಮ್ಮನಿರು. ಮಾತು ಮುಗದೈತಿ."

ಅವನಿಗೂ ಗೊತ್ತಿತ್ತು. ಜೀವಮಾನವಿಡೀ ಶೇಂಗಾ ಬೆಳೆದವನಿಗೆ ಸಿಪ್ಪೆಯ ಗುರುತು ಸಿಗದೆ ಇರುತ್ತದೆಯೆ? ಅಲ್ಲಿ ಉಣ್ಣಲು ಕೂತಿದ್ದವರೆಲ್ಲ ಶೇಂಗಾ ತಿಂದೇ ಬೆಳೆದವರು. ಒಬ್ಬ ಸಾಹೇಬ ಸಿಪ್ಪೆಯನ್ನು ಬಣ್ಣ ಅಂದ, ಮನೆತುಂಬ ಮಂದಿ ಸಿಪ್ಪೆಯನ್ನು ಬಣ್ಣ ಮಾಡಿಕೊಂಡರು. ಹುಡುಗಿಗೆ ಗಂಡು ಸಿಕ್ಕಿತು. ಅದಕ್ಕೆ ಕೊಟ್ಟದ್ದು ಎದುರು ಮನೆಯವಳ ಹೆಸರು. ನಮ್ಮದೇನು ಹೋಯಿತು?

ಮಧ್ಯಸ್ಥನಿಗೆ ಬಾಯಿ ಮುಚ್ಚಿ ಗೊತ್ತಿರಲಿಲ್ಲ. ಹತ್ತು ಮನೆಗೆ ಹೋಗುವವನು ಹತ್ತೂ ಮನೆಯಲ್ಲಿ ಹೇಳಿದ: "ರೊಟ್ಯಾಗ ಬಣ್ಣ ಬಿದ್ದಿತ್ತು. ಸಾಹೇಬ್ರು ದೊಡ್ಡ ಮನಸ್ಸು ಮಾಡಿದ್ರು." ಅಕ್ಕನ ಕೋಣೆಯ ಮುಂದಿನ ಸಾಲು ಮೊದಲು ಕರಗಿತು. ಉಗುರಿಗೆ ಬರುವುದು ಬಿಟ್ಟವರು ಆಮೇಲೆ ಬಳೆಗೂ ಕರೆಯದಾದರು. ಮುಂದೆ ಬಂದ ಸಂಕ್ರಮಣಕ್ಕೆ ನಾನು ಸಿಂದಗಿಗೆ ಹೋದಾಗ ಕೋಣೆಗೆ ಬೀಗ ಬಿದ್ದಿತ್ತು. ತವರಿಗೆ ಹೋದಳು ಅಂದರು.

ಆಮೇಲೆ ಒಮ್ಮೆ ಮಾತ್ರ ಅವಳನ್ನು ಕಂಡೆ. ಇಂಡಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ. ಬಳೆಯ ಗಂಟು ಹೊತ್ತು ನಿಂತಿದ್ದಳು, ಊರೂರು ತಿರುಗುತ್ತಿದ್ದಳೆಂದು ಕಾಣುತ್ತದೆ. ನಾನು ಪೇಪರು ಎತ್ತಿ ಮುಖಕ್ಕೆ ಹಿಡಿದೆ. ಅವಳು ಪೇಪರಿನ ಮುಂದೆಯೇ ಬಂದು ನಿಂತಳು.

"ಮಾಸ್ತರ, ಆರಾಮದೀರಿ? ಈಗರೆ ಶೇಂಗಾ ಬರೋಬ್ಬರಿ ಹಾರಸ್ತೀರಿಲ್ಲೋ?"

ಹೇಳಿ ನಕ್ಕಳು. ನಿಜವಾಗಿಯೇ ನಕ್ಕಳು. ನನಗೆ ಬೇರೆ ಮಾತು ಸಿಗಬೇಕಿತ್ತು. ಎಷ್ಟೋ ಮಾತು ಅಲ್ಲಿಯವರೆಗೆ ಮನಸ್ಸಿನಲ್ಲೇ ಆಡಿ ಇಟ್ಟುಕೊಂಡಿದ್ದೆ...

"ಹೌದ್ರಿ" ಅಂದೆ.

ಹೋದ ವರ್ಷದ ಹಿಂದಿನ ವರ್ಷ ಅವಳು ತಾಂಬಾದಲ್ಲಿ ತೀರಿಕೊಂಡಳು. ನನಗೆ ತಿಳಿದದ್ದು ಮೂರು ತಿಂಗಳ ಮೇಲೆ. ತಿಳಿದ ಮೇಲೂ ಹೋಗಲಿಲ್ಲ. ಹೋಗಿ ಯಾರ ಮುಂದೆ ಏನು ಹೇಳುವುದು?

ಹಚ್ಚಿಸಿಕೊಂಡು ಪಾರ್ಲರಿನಿಂದ ಮಗಳು ಮತ್ತೆ ಹೊರಬಂದು ಎರಡೂ ಕೈ ಚಾಚಿದಳು. "ಹೆಂಗ ಅದಾವ್ರಿ ಪಪ್ಪಾ?" ಒಳಗಿನ ಹುಡುಗಿಗೆ ರೊಟ್ಟಿಯ ವಿಚಾರ ಗೊತ್ತಿರಲಿಕ್ಕಿಲ್ಲ, ಅಂದಕ್ಕೆಂದೇ ತುದಿ ಖಾಲಿ ಬಿಟ್ಟಿದ್ದಾಳೆ. ಬುಡದ ಅರ್ಧಚಂದ್ರ ಅಕ್ಕ ಎಳೆದಷ್ಟು ನಯವಾಗಿರಲಿಲ್ಲ. ಚಲೋ ಅದಾವು ಅಂದೆ. ಇದನ್ನು ಯಾರು ಮೊದಲು ಹಚ್ಚುತ್ತಿದ್ದರು ಎಂದು ದಾರಿಯಲ್ಲಿ ಹೇಳಲು ಹೊರಟೆ. ಹೇಳಿದರೆ ನಾನು ಎಲ್ಲಿ ನಿಂತಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೆ ಬರೆಯುತ್ತಿದ್ದೇನೆ. ಅವಳು ಓದಲಿ.

ಕಾಕಾ ಈಗ ಇಲ್ಲ. ಕಂಡವರಲ್ಲಿ ಇನ್ನೂ ಬದುಕಿರುವವರು ಇವರು. ಸಿಂದಗಿಯಲ್ಲಿ ಚಿಗವ್ವ, ಆ ಮಾತು ತೆಗೆದರೆ ಕಿವಿ ಕೇಳುವುದಿಲ್ಲ ಅನ್ನುತ್ತಾಳೆ. ಮಧ್ಯಸ್ಥ, ನಿಡಗುಂದಿಯಲ್ಲಿ ಮಗನ ಮನೆಯಲ್ಲಿದ್ದಾನೆ, ಈಗಲೂ ಸಂಬಂಧ ಕೂಡಿಸುತ್ತಾನೆ. ಮುದ್ದೇಬಿಹಾಳದಲ್ಲಿ ಸಾಹೇಬರು, ಕಣ್ಣು ಪೂರಾ ಮಂಜಾಗಿದೆ. ಅದೇ ಮನೆಯಲ್ಲಿ ನನ್ನ ತಂಗಿ, ಇಂದಿಗೂ ಉಗುರನ್ನು ಬೆಂಕಿಪೆಟ್ಟಿಗೆಗೆ ತಿಕ್ಕಿ ಬಾದಾಮಿ ಮಾಡಿಕೊಂಡು, ಬುಡಕ್ಕೆ ಕಡುಗೆಂಪು ಅರ್ಧಚಂದ್ರ ಹಚ್ಚಿಕೊಂಡೇ ರೊಟ್ಟಿ ಬಡಿಯುತ್ತಾಳೆ. ಸಾಹೇಬರು ಉಂಡು "ರೊಟ್ಟಿ ಅಂದ್ರ ಹಿಂಗಿರಬೇಕು" ಅನ್ನುತ್ತಾರಂತೆ. ಮತ್ತೆ, ಕಂಬದ ಬಳಿ, ನಾಲ್ಕು ಹೆಜ್ಜೆ ದೂರದಲ್ಲಿ, ಡಬ್ಬಿಯ ಮುಚ್ಚಳ ಹಾಕಿದ ನಾನು.