ಬಂದವರಿಗೆ ಕೊಡುವ ನೀರು

ಚಳ್ಳಕೆರೆಯ ತರಬೇತಿ ಭವನದಲ್ಲಿ ಮೊನ್ನೆ ನನ್ನ ಮುಂದೆ ಸೀಲು ಒಡೆಯದ ನೀರಿನ ಬಾಟಲಿ ಇಟ್ಟರು. ಆರೋಗ್ಯದ ಸಂಶೋಧನೆಯನ್ನು ಸರ್ಕಾರದ ತೀರ್ಮಾನಕ್ಕೆ ಮುಟ್ಟಿಸುವವರಲ್ಲಿ ಯಾವ ಗುಣಗಳಿರಬೇಕು ಎಂದು ನಾನು ಹೊಸಬರಿಗೆ ಹೇಳಬೇಕಿತ್ತು. ಹತ್ತು ಗುಣಗಳ ಪಟ್ಟಿ ಜೇಬಿನಲ್ಲಿತ್ತು. ಬಾಟಲಿ ಕಂಡದ್ದೇ ತಡ, ಹಳೆಯದೊಂದು ಊರು ನೆನಪಾಯಿತು ನೋಡಿ.

ತೊಂಬತ್ತರ ದಶಕದ ಕೊನೆ. ಮೊಳಕಾಲ್ಮೂರು ಕಡೆಯ ಒಂದು ನೇಕಾರರ ಊರಿನಲ್ಲಿ ನೀರಿನ ಮಾದರಿ ಸಂಗ್ರಹಿಸುತ್ತಿದ್ದೆ. ಫ್ಲೋರೈಡ್ ಹೆಚ್ಚಿದ್ದರೆ ಹಲ್ಲು, ಮೂಳೆ ಎರಡೂ ಕೆಡುತ್ತವೆ. ಅಂಥ ಊರುಗಳ ಪಟ್ಟಿ ಮಾಡಿ ದೂರದಿಂದ ಕೊಳಾಯಿ ನೀರು ತರುವುದಿತ್ತು; ಈ ಊರೂ ಆ ಪಟ್ಟಿಯಲ್ಲಿತ್ತು. ಮನೆಮನೆಗೆ ಖಾಲಿ ಬಾಟಲಿ ಹಂಚಿ, ಮರುದಿನ ತುಂಬಿದ್ದನ್ನು ಹೊತ್ತು ತಂದೆ. ಆಗ ನನ್ನ ಕುತ್ತಿಗೆಯಲ್ಲಿ ಟೈ ಬೇರೆ! ಪರೀಕ್ಷೆಯಲ್ಲಿ ನೀರೆಲ್ಲ ಚೆನ್ನಾಗಿಯೇ ಇತ್ತು. ದಪ್ಪನೆಯ ವರದಿ ಬರೆದೆ.

ತಾಲ್ಲೂಕು ಸಭೆಯ ಹಿಂದಿನ ದಿನ, ಒಂದು ಸಹಿ ಬಾಕಿಯಿದೆಯೆಂದು, ಬಾಟಲಿ ತುಂಬಿಕೊಟ್ಟವರಲ್ಲಿ ಒಬ್ಬಳಾದ ಲಕ್ಷ್ಮಕ್ಕನ ಮನೆಗೆ ಹೋದೆ. ಆಕೆಯ ಗಂಡ ಮೊಣಕಾಲು ಬಗ್ಗದೆ, ಗುಂಡಿಮಗ್ಗದಿಂದ ಮೇಲೇಳಲು ಹಗ್ಗ ಹಿಡಿದು ತಿಣುಕುತ್ತಿದ್ದ. ಬಾಯಾರಿತ್ತು. ಬಾಗಿಲ ಬಳಿಯ ಕೊಡಕ್ಕೆ ನಾನೇ ಲೋಟ ಅದ್ದಿದೆ.

"ಅದು ಬ್ಯಾಡ್ರಿ ಸಾರ್, ಅದು ನಾವು ಕುಡಿಯೋದು. ಸವುಳು ಐತೆ," ಎಂದಳು ಲಕ್ಷ್ಮಕ್ಕ.

"ಮತ್ತೆ ಬಾಟ್ಲಿಗೆ ಹಾಕಿದ್ದು?"

"ಬಂದೋರಿಗೆ ಸವುಳು ನೀರು ಕೊಡಾಕೆ ಆಗ್ತೈತೇನ್ರಿ? ದೂರದ ಬಾವಿಯಿಂದ ಸೀನೀರು ತಂದು ಹಾಕಿದ್ವಿ. ಕೇರಿಯೋರೆಲ್ಲಾ ಹಂಗೇ ಮಾಡಿದ್ರು."

ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅದು ನಾಚಿಕೆಯೆಂದೇ ಅಷ್ಟು ದಿನ ಭಾವಿಸಿದ್ದೆ. ಆ ದಿನ ಸೆರಗಿನ ಸಂದಿಯಲ್ಲಿ ಕಂದುಗಟ್ಟಿದ ಹಲ್ಲು ಕಂಡವು.

ಸಭೆಯಲ್ಲಿ ಅಧಿಕಾರಿ ನನ್ನ ವರದಿಯನ್ನು ಕೈಯಲ್ಲಿ ತೂಗಿ ಕೆಳಗಿಟ್ಟರು. "ಇದೆಲ್ಲಾ ಓದಾಕೆ ಟೈಮಿಲ್ರಿ. ಈ ಊರು ಕೊಳಾಯಿ ಪಟ್ಟಿಯಿಂದ ತೆಗೀಲಾ, ಬ್ಯಾಡ್ವಾ?"

"ತೆಗೀಬಹುದು ಅನ್ನು," ಎಂದು ನಮ್ಮ ಮುಖ್ಯಸ್ಥರು ಪಿಸುಗುಟ್ಟಿದರು. ಅವರಿಗೆ ನಿಜ ಹೇಳಲು ಬೆಳಗಿನಿಂದ ನನಗೆ ಬಾಯೇ ಬಂದಿರಲಿಲ್ಲ. ಕೆಲಸ ಹೋದಂತೆಯೇ ಅಂದುಕೊಂಡೆ.

"ತೆಗೀಬೇಡಿ ಸಾರ್. ನಾನು ತಂದಿದ್ದು ಅವರು ಕುಡಿಯೋ ನೀರಲ್ಲ. ತಪ್ಪು ನಂದು."

ಎಲ್ಲರೂ ನಕ್ಕರು. ಅಧಿಕಾರಿ ನಗಲಿಲ್ಲ. "ಹಂಗಾದ್ರೆ ಅವ್ರು ಕುಡಿಯೋ ನೀರು ತಗೊಂಬರ್ರಿ. ಅಲ್ಲೀತನಕ ಊರು ಪಟ್ಟಿಯಾಗಿರ್ಲಿ."

ಮತ್ತೆ ಹೋಗಿ ಕೊಡಗಳಿಂದ ನಾನೇ ಮೊಗೆದು ತಂದ ನೀರಿನಲ್ಲಿ ಫ್ಲೋರೈಡ್ ವಿಪರೀತವಿತ್ತು; ಅದೇ ಊರನ್ನು ಪಟ್ಟಿಯಲ್ಲಿ ಉಳಿಸಿತು. ಕೊಳಾಯಿ ಬಂತು. ಲಕ್ಷ್ಮಕ್ಕನ ಗಂಡನ ಮೊಣಕಾಲು ಮಾತ್ರ ಸರಿಹೋಗಲಿಲ್ಲ. ಆ ಬಾಯಾರಿಕೆ ಆಗದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಮೊನ್ನೆ ಆ ತರಬೇತಿ ಭವನದ ಮೂಲೆಯಲ್ಲಿ ಕಸ ಗುಡಿಸುವ ಹೆಂಗಸು ಕೊಡದಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದರು. "ಅವ್ವಾ, ನನಗೂ ಅದನ್ನೇ ಕೊಡ್ರಿ," ಎಂದೆ.

ಅವರು ಗಾಬರಿಯಿಂದ ಬಾಯಿಗೆ ಸೆರಗು ಒತ್ತಿಕೊಂಡರು. "ಅದು ಬ್ಯಾಡ್ರಿ ಸಾರ್. ಅದು ನಾವು ಕುಡಿಯೋದು."

ಹತ್ತು ಗುಣಗಳ ಪಟ್ಟಿ ಜೇಬಿನಲ್ಲೇ ಉಳಿಯಿತು. ನನ್ನ ಬಾಟಲಿಯ ನೀರನ್ನು ಕಿಟಕಿಯಾಚೆಯ ಗಿಡಕ್ಕೆ ಸುರಿದು, ಎಲ್ಲರೂ ನೋಡುತ್ತಿರುವಂತೆಯೇ ಆ ಕೊಡದ ನೀರನ್ನು ಮಾದರಿಗೆಂದು ಖಾಲಿ ಬಾಟಲಿಗೆ ತುಂಬತೊಡಗಿದೆ.