ಊಜಿ ನೊಣದ ಬಲೆ ಮತ್ತು ಪವಿತ್ರಳ ಅಂಕ

ಕೊರೋನಾ ಕಳೆದು ತರಗತಿಗಳು ಮತ್ತೆ ಶುರುವಾದ ವರ್ಷ. ಚನ್ನಪಟ್ಟಣದ ಕಡೆಯ ಒಂದು ಕಾಲೇಜಿನಲ್ಲಿ ನಾನು ಎಂ.ಎಸ್ಸಿ. ಪ್ರಾಣಿಶಾಸ್ತ್ರದವರಿಗೆ ಸಂಖ್ಯಾಶಾಸ್ತ್ರ ಮತ್ತು ಪಾಪ್ಯುಲೇಷನ್ ಬಯಾಲಜಿ ಕಲಿಸುತ್ತಿದ್ದೆ.

ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಅದನ್ನು ಹಿಡಿಯಲು ನಮ್ಮ ವಿಭಾಗದ ಮುಖ್ಯಸ್ಥರು ಒಂದು ಬಲೆ ತಯಾರಿಸಿದ್ದರು. ಅದರಿಂದ ನೊಣಗಳ ಸಂಖ್ಯೆ ತಗ್ಗುತ್ತದೆಯೇ ಎಂದು ನೋಡುವ ಪ್ರಾಜೆಕ್ಟ್ ಕಬ್ಬಾಳು ಕಡೆಯ ವಿದ್ಯಾರ್ಥಿನಿ ಪವಿತ್ರಳಿಗೆ ಬಂತು. ಗೈಡ್ ಕೂಡ ಮುಖ್ಯಸ್ಥರೇ. ಅವಳು ತನ್ನೂರಿನ ಸುತ್ತ ಹುಳು ಸಾಕುವ ಹನ್ನೆರಡು ಮನೆಗಳನ್ನು ಆರಿಸಿ, ಆರರಲ್ಲಿ ಬಲೆ ಕಟ್ಟಿ, ಎಲ್ಲ ಕಡೆಯೂ ನೊಣ ಎಣಿಸಿದಳು. ವ್ಯತ್ಯಾಸ ಬಲೆಯಿಂದಲೋ ಬರೀ ಆಕಸ್ಮಿಕವೋ ಎಂದು ತಿಳಿಯಲು ಟಿ-ಟೆಸ್ಟ್ ಮಾಡಿದೆವು. ಬಲೆಯಿಂದ ಏನೂ ಆಗಿರಲಿಲ್ಲ.

ಮಾರನೆಯ ವಾರ ಪವಿತ್ರ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

"ಮೇಡಮ್, ಮೂರು ಮನೆ ಲೆಕ್ಕದಿಂದ ತೆಗ್ದಾಕು ಅಂತವ್ರೆ ಸಾರು. ಆ ಮನೆಯೋರು ಬಲೆ ಕಟ್ಟಿದ್ರೂ ಹುಳ ಕಳ್ಕೊಂಡವ್ರೆ. ಅವ್ರನ್ನೇ ಹೆಂಗೆ ತೆಗ್ದಾಕ್ಲಿ?"

ನಾನು ನೇರ ಮುಖ್ಯಸ್ಥರ ಕೋಣೆಗೆ ಹೋದೆ.

"ಔಟ್‌ಲಯರ್ ತೆಗೀಬಹುದು ಅಂತ ನೀವೇ ಪಾಠ ಮಾಡ್ತೀರಲ್ಲ ಮೇಡಮ್" ಎಂದರು. ಔಟ್‌ಲಯರ್ ಎಂದರೆ ಉಳಿದವುಗಳಿಂದ ತೀರಾ ದೂರ ನಿಲ್ಲುವ ಅಳತೆ.

"ಅಳತೆ ತಪ್ಪಾಗಿದ್ರೆ ತೆಗೀರಿ ಅಂತೀನಿ. ನಿಮಗೆ ಹಿಡಿಸಲಿಲ್ಲ ಅಂತ ತೆಗೀರಿ ಅಂದಿಲ್ಲ."

ಅವರು ನಕ್ಕರು. "ಹುಡುಗಿ ಪಾಸಾಗ್ಬೇಕೋ ಬೇಡ್ವೋ?"

ಆ ನಗುವಿಗೆ ನನ್ನ ಮೈ ಉರಿದುಹೋಯಿತು.

ವೈವಾ ದಿನ ಪವಿತ್ರ ಹನ್ನೆರಡು ಮನೆಗಳ ಲೆಕ್ಕವನ್ನೂ ಮುಂದಿಟ್ಟಳು. "ಹಾಗಾದರೆ ಈ ಬಲೆಯಿಂದ ಪ್ರಯೋಜನವಿಲ್ಲವೇನಮ್ಮ?" ಎಂದು ಹೊರಗಿನ ಪರೀಕ್ಷಕರು ಕೇಳಿದರು. ಅವಳ ಎದುರಿಗೇ ಗೈಡ್ ಕುಳಿತಿದ್ದರು.

"ನಾನು ನೋಡಿದ ಮಟ್ಟಿಗೆ ಇಲ್ಲ ಸಾರ್."

ಹೊರಗಿನವರು ಒಳ್ಳೆಯ ಅಂಕ ಕೊಟ್ಟರು. ಗೈಡ್ ಕೈಯಲ್ಲಿದ್ದ ಅಂಕ ಪಾಸಾಗುವಷ್ಟೇ ಬಂತು; ಫಸ್ಟ್ ಕ್ಲಾಸ್ ತಪ್ಪಿತು. ನಾನು ಪ್ರಾಂಶುಪಾಲರ ಹತ್ತಿರ ಜಗಳವಾಡಿದೆ. "ವಿಭಾಗದೊಳಗೇ ಬಗೆಹರಿಸಿಕೊಳ್ಳಿ" ಎಂದು ಕೈ ತೊಳೆದುಕೊಂಡರು. ಪವಿತ್ರ ಪಿಎಚ್.ಡಿ. ಮಾತನ್ನೇ ಬಿಟ್ಟು ಬಿಡದಿಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗಕ್ಕೆ ಸೇರಿದಳು.

ಮುಂದಿನ ವರ್ಷ ಆ ಮುಖ್ಯಸ್ಥರ ಕೈಕೆಳಗಿನ ಪ್ರಾಜೆಕ್ಟ್‌ಗಳೆಲ್ಲವೂ 'ಯಶಸ್ವಿ'. ಒಂದರಲ್ಲೂ ಬೇಡದ ಉತ್ತರವಿಲ್ಲ. ಅವನ್ನು ತಿದ್ದುತ್ತ ಕುಳಿತಾಗ ನನಗೆ ಅರ್ಥವಾದದ್ದು ಇಷ್ಟು: ವಿದ್ಯಾರ್ಥಿಗಳಿಗೆ ಸುಳ್ಳು ಬರೆಯುವುದನ್ನು ಯಾರೂ ಕೂತು ಕಲಿಸಬೇಕಾಗಿಲ್ಲ. ನಿಜ ಬರೆದ ಒಬ್ಬಳಿಗೆ ಅಂಕ ಕಡಿಮೆ ಕೊಟ್ಟರೆ ಸಾಕು, ಉಳಿದವರು ತಾವೇ ಕಲಿತುಬಿಡುತ್ತಾರೆ.