ಬಿಣಗಾ ಏರಿನಲ್ಲಿ ಬರುತ್ತಿದ್ದ ಸದ್ದು

ನಮ್ಮ ಮನೆಯ ಹಳೆಯ ಬೈಕಿನ ಹಿಂದಿನ ಸೀಟು ನನ್ನದಾಗಿತ್ತು. ಬೆಳಿಗ್ಗೆ ಕಾರವಾರದ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಡನ ಹಿಂದೆ ಕೂತು ಅಂಕೋಲೆಯ ಮೀನುಪೇಟೆಗೆ ಹೋಗುವುದು. ಅಲ್ಲಿ ಗೋಡೆಯ ಪಕ್ಕ ನನಗೊಂದು ಜಾಗ. ಬಂಗಡೆ ತಾಜಾ ಇಲ್ಲದ ದಿನ ನಾನೇ ‘ಇವತ್ತು ಬೇಡ’ ಅನ್ನುತ್ತೇನೆಂದು ನಂಬಿ ಬರುವ ಗಿರಾಕಿಗಳು. ಆ ಜಾಗದಲ್ಲಿ ಕೂತಿರುವಷ್ಟು ಹೊತ್ತು ನನ್ನನ್ನು ಯಾರೂ ಸೊಸೆ ಅನ್ನುತ್ತಿರಲಿಲ್ಲ. ಅದಕ್ಕೇ ಆ ಸೀಟಿನ ಮೇಲೆ ನನಗೆ ಅಷ್ಟು ಆಸೆ.

ಮಳೆಗಾಲ ಮುಗಿದ ಮೇಲೆ ಬೈಕಿನಲ್ಲಿ ಸದ್ದು ಶುರುವಾಯಿತು. ಬಿಣಗಾದ ಏರು ಹತ್ತುವಾಗ ನನ್ನ ಕಾಲಿನ ಹತ್ತಿರ ಟಕ್ ಅನ್ನುವುದು, ಸ್ವಲ್ಪ ಬಿಟ್ಟು ಮತ್ತೆ ಟಕ್. ಇಳಿಜಾರಿನಲ್ಲಿ ಏನೂ ಇಲ್ಲ. ಮನೆಯವರಿಗೆ ಹೆಲ್ಮೆಟ್ಟಿನೊಳಗೆ ಗಾಳಿ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಹೆಲ್ಮೆಟ್ ತೆಗೆದ ಮೇಲೂ ಹೆಂಡತಿಯ ಮಾತು ಕೇಳಿಸುತ್ತಿರಲಿಲ್ಲ, ಅದು ಬೇರೆ ವಿಷಯ. ನನ್ನ ಕಾಟ ತಡೆಯಲಾರದೆ ಒಂದು ದಿನ ಬೈಕನ್ನು ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಒಬ್ಬನೇ ಕೂತು ಒಂದು ಸುತ್ತು ಹೊಡೆದು ಬಂದ.

“ಗಾಡಿಗೆ ಎಂತದೂ ಆಗ್ಲಿಲ್ಲ ಅಣ್ಣಾ. ಲೋಡ್ ಜಾಸ್ತಿ ಆಗ್ತದೆ, ಅಷ್ಟೇ.”

ಅಷ್ಟು ಸಾಕಾಯಿತು. ಇವರು ಮನೆಗೆ ಬಂದು ಅದನ್ನೇ ಜಡ್ಜ್‌ಮೆಂಟ್ ಓದುವವರ ಹಾಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

“ನಾ ಹಿಂದೆ ಕೂತಾಗ್ಲೇ ಅಲ್ವಾ ಸದ್ದು ಬರೂದು? ಅವ್ನು ಒಬ್ನೇ ಓಡ್ಸಿದ್ರೆ ಹೇಗೆ ಗೊತ್ತಾಗ್ತದೆ? ನನ್ನ ಕೂರ್ಸ್ಕಂಡು ಏರು ಹತ್ತಿ ನೋಡ್ಲಿ” ಅಂದೆ.

ಅತ್ತೆ ಒಳಗಿನಿಂದಲೇ ಕೂಗಿದರು: “ಪರ ಗಂಡಸಿನ ಬೆನ್ನಿಗೆ ಕೂತು ಹೋಗ್ತೀಯೇನೇ? ನಾಚ್ಕೆ ಇಲ್ಲಾ?”

ಇವರೇ ಹಿಂದೆ ಕೂತು ನೋಡಬಹುದಿತ್ತು. ಆದರೆ ಇವರಿಗೂ ಮೆಕ್ಯಾನಿಕ್‌ಗೂ ಅದು ಹೊಳೆಯಲೇ ಇಲ್ಲ. ಅತ್ತೆಗೆ ಮಾತ್ರ ಬೇರೆ ಉಪಾಯ ಹೊಳೆಯಿತು.

“ಸಣ್ಣ ಸೊಸೆ ಹಗೂರ ಇದ್ದಾಳೆ. ಸ್ವಲ್ಪ ದಿನ ಅವ್ಳೇ ಹೋಗ್ಲಿ. ಗಾಡಿ ಉಳೀಬೇಕಲ್ಲ?”

ಸಣ್ಣ ಸೊಸೆಯೆಂದರೆ ಮೈದುನನ ಹೆಂಡತಿ. ಪಾಪದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕೂತ ಮೇಲೆ ಸದ್ದು ಕಡಿಮೆಯಾಯಿತಂತೆ. ನನ್ನ ಭಾರವೇ ಕಾರಣ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. ಊಟಕ್ಕೆ ಕೂತಾಗ ನನ್ನ ತಟ್ಟೆಯ ಮೇಲೆ ಎಲ್ಲರ ಕಣ್ಣು. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಬಿಟ್ಟೆ. ಅಂಥ ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಕೊನೆಗೊಂದು ದಿನ ಅದೇ ಏರಿನಲ್ಲಿ ಚೈನ್ ತುಂಡಾಯಿತು. ಬೈಕನ್ನು ಟೆಂಪೋದಲ್ಲಿ ಹಾಕಿ ಗ್ಯಾರೇಜಿಗೆ ತಂದಾಗ ನಾನೂ ಹೋಗಿ ನಿಂತೆ. ಮೆಕ್ಯಾನಿಕ್ ಚೈನ್ ಕವರ್ ಬಿಚ್ಚಿದ. ಗಬ್ಬೆಂದು ಮೀನಿನ ವಾಸನೆ ಹೊಡೆಯಿತು.

“ಇದಕ್ಕೆ ಎಂತ ಎಣ್ಣೆ ಹಾಕಿದ್ರಿ ಅಣ್ಣಾ?”

ಇವರು ಆಚೆ ಮುಖ ತಿರುಗಿಸಿದರು. ತಾರ್ಲೆ ಮೀನಿನ ಎಣ್ಣೆ! ನೌಕಾನೆಲೆಗೆಂದು ನಮ್ಮನ್ನು ಚೆಂಡಿಯಾದಿಂದ ಎಬ್ಬಿಸಿದ ಮೇಲೆ ಕಡಲು ದೂರವಾಗಿ ನಾವು ದೋಣಿ ಮಾರಿದ್ದೆವು. ದೋಣಿಯ ಹಲಗೆಗೆ ಬಳಿಯುತ್ತಿದ್ದ ಎಣ್ಣೆಯ ಡಬ್ಬಿ ಮಾತ್ರ ಉಳಿದಿತ್ತು. ಉಪ್ಪುನೀರಿಗೆ ಅದಕ್ಕಿಂತ ಒಳ್ಳೆಯದಿಲ್ಲವೆಂದು ಮಾವ ಹೇಳುತ್ತಿದ್ದರಂತೆ. ದೋಣಿಗೆ ಅದು ನಿಜವೇ. ಹಲಗೆಯ ಮೇಲೆ ಒಣಗಿ ಗಟ್ಟಿ ಪದರವಾಗುವುದೇ ಅದರ ಗುಣ. ಚೈನಿನಲ್ಲೂ ಹಾಗೇ ಒಣಗಿ, ದಡದ ಮರಳನ್ನೂ ಸೇರಿಸಿಕೊಂಡು ಅಂಟಾಗಿತ್ತು. ಕೆಲವು ಕೊಂಡಿಗಳು ಬೆರಳಲ್ಲಿ ಬಗ್ಗಿಸಿದರೂ ಬಗ್ಗುತ್ತಿರಲಿಲ್ಲ. ಹಿಂದೆ ಭಾರ ಬಿದ್ದು ಚೈನ್ ಬಿಗಿಯಾದಾಗ ಆ ಕೊಂಡಿಗಳೇ ಹಲ್ಲುಚಕ್ರದ ಮೇಲೆ ಹತ್ತಿ ಟಕ್ ಅನ್ನುತ್ತಿದ್ದವು. ಒಬ್ಬನೇ ಕೂತರೆ ಚೈನ್ ಸಡಿಲ, ಸದ್ದಿಲ್ಲ.

“ಭಾರದ್ದಲ್ಲ ಅಕ್ಕಾ, ಚೈನಿಂದೇ” ಅಂದ ಮೆಕ್ಯಾನಿಕ್, ನನ್ನ ಕಡೆ ನೋಡಿ. ಅಳು ಬಂತು. ತಡೆದುಕೊಂಡೆ.

ಹೊಸ ಚೈನ್, ಎರಡೂ ಹಲ್ಲುಚಕ್ರ ಹಾಕಿಸಿದ ಮೇಲೆ ಈ ಸಲ ಮೆಕ್ಯಾನಿಕ್ ಇವರನ್ನೇ ಹಿಂದೆ ಕೂರಿಸಿಕೊಂಡು ಏರು ಹತ್ತಿಸಿದ. ಒಂದು ಸದ್ದಿಲ್ಲ. ಇವರು ಖುಷಿಯಲ್ಲಿ ಮನೆಗೆ ಬಂದು, ತಾನು ಮೊದಲೇ ಚೈನಿನ ಮೇಲೆ ಅನುಮಾನ ಪಟ್ಟಿದ್ದೆನೆಂದು ಅತ್ತೆಗೆ ಹೇಳಿದರು. ಹೇಳಿಕೊಳ್ಳಲಿ ಅಂದುಕೊಂಡೆ. ನನ್ನ ಜಾಗ ನನಗೆ ಸಿಕ್ಕರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಸೀರೆಯ ಸೆರಗು ಸಿಕ್ಕಿಸಿ, ಬುಟ್ಟಿ ತೊಳೆದು ಅಂಗಳಕ್ಕೆ ಬಂದೆ. ಸಣ್ಣ ಸೊಸೆ ಆಗಲೇ ಬೈಕಿನ ಹಿಂದೆ ಕೂತಿದ್ದಳು. ನನ್ನನ್ನು ನೋಡಿ ಇಳಿಯಲು ಹೋದಳು. ಇವರು ಕೈ ಅಡ್ಡ ಹಿಡಿದರು.

“ಕೂತ್ಕ” ಅಂತ ಅವಳಿಗೆ ಹೇಳಿ ನನ್ನ ಕಡೆ ತಿರುಗಿದರು. “ಪೇಟೇಲಿ ಗಿರಾಕಿಗಳಿಗೆ ಈಗ ಇವ್ಳೇ ರೂಢಿ ಆಗಿದ್ದಾಳೆ. ನೀ ಮನೇಲೇ ಇರು, ಅಮ್ಮಂಗೂ ಕೈಲಾಗೂದಿಲ್ಲ.”

“ಹಂಗಾರೆ ಚೈನ್ ಎಂತಕ್ಕೆ ಬದಲ್ಸಿದ್ರಿ? ನನ್ನ ಬದಲ್ಸಿ ಆಗಿತ್ತಲ್ಲ” ಅಂದೆ.

ಇವರು ಕಿಕ್ ಹೊಡೆದರು.